ಜೇನುಗಾರ ಎರಕ ಹೊಯ್ದ ಮುಖ

ಬಲು ಹಿಂದೆ, ಹುಲಿ ಮನುಷ್ಯನ ಕ್ಷೇಮ ಸಮಾಚಾರ ಕೇಳಿ ಆಮೇಲೆ ತಿನ್ನುತ್ತಿದ್ದ ಕಾಲದಲ್ಲಿ, ಮಂಜುಗಾವಲು ಎಂಬ ಒಂದು ರಾಜ್ಯವಿತ್ತು. ವರ್ಷದ ಹೆಚ್ಚು ದಿನ ಅಲ್ಲಿ ಮಂಜು ಕವಿದೇ ಇರುತ್ತಿತ್ತು. ರಾಜನೊಬ್ಬನಿದ್ದ, ಇದ್ದೂ ಇಲ್ಲದಂತಿದ್ದ. ಆದರೆ ಆ ರಾಜ್ಯದ ಕೇಡು ಮಂಜೂ ಅಲ್ಲ, ರಾಜನೂ ಅಲ್ಲ. ಗವಿಯಂಕ ಎಂಬ ಮಾಂತ್ರಿಕ.

ಗವಿಯಂಕನಿಗೆ ಸಾವೆಂದರೆ ಭಯ. ಯಾರಿಗಿಲ್ಲ ಹೇಳಿ? ನಾವೆಲ್ಲ ಭಯಪಟ್ಟುಕೊಂಡೇ ಒಂದು ದಿನ ಸಾಯುತ್ತೇವೆ. ಅವನಿಗೆ ಅದೂ ಬೇಡವಾಗಿತ್ತು. ಜವರಾಯ ಯಾರನ್ನು ಒಯ್ಯಲು ಬಂದರೂ ಮುಖ ನೋಡಿ ಗುರುತು ಹಿಡಿಯುತ್ತಾನೆ ಎಂಬುದನ್ನು ಅವನು ಹೇಗೋ ತಿಳಿದುಕೊಂಡ. ಅಂದಿನಿಂದ ತನ್ನ ಮುಖದ ಮೇಲೆ ಬೇರೆಯವರ ಮುಖ ತೊಡತೊಡಗಿದ. ತೊಟ್ಟ ಮುಖ ಸವೆದುಹೋದರೆ ಇನ್ನೊಬ್ಬರದನ್ನು ಕದಿಯುತ್ತಿದ್ದ. ಜವರಾಯ ಬರುವುದು, ಹುಡುಕುವುದು, ಗುರುತು ಸಿಗದೆ ಬರಿಗೈಯಲ್ಲಿ ಹಿಂದಿರುಗುವುದು, ಇದೇ ಆಯಿತು.

ಮುಖ ಕಳೆದುಕೊಂಡವರು ಕೂಡಲೇ ಸಾಯುತ್ತಿರಲಿಲ್ಲ. ಕಣ್ಣಿದ್ದ ಕಡೆ ಎರಡು ಗೆರೆ, ಬಾಯಿದ್ದ ಕಡೆ ಒಂದು ಗೆರೆ, ಉಳಿದದ್ದೆಲ್ಲ ತಟ್ಟಿ ನುಣುಪು ಮಾಡಿದ ಮಡಕೆಯ ಹೊಟ್ಟೆಯಂತೆ. ಅವರು ನೋಡುತ್ತಿದ್ದರು, ಉಣ್ಣುತ್ತಿದ್ದರು, ಮಾತಾಡುತ್ತಿದ್ದರು. ಅವರ ಮೊದಲಿನ ಮುಖ ಬೇರೆ ಯಾರಾದರೊಬ್ಬರಿಗೆ ನೆನಪಿರುವ ತನಕ ಬದುಕಿರುತ್ತಿದ್ದರು. ಮನುಷ್ಯರ ನೆನಪು ಎಷ್ಟು ದಿನ ಬಾಳೀತು? ಕೊನೆಯವನೂ ಮರೆತ ದಿನ ಅವರು ಹೊಗೆಯಾಗಿ ಹೋಗುತ್ತಿದ್ದರು. ಉಟ್ಟ ಬಟ್ಟೆ ಮಾತ್ರ ಚಾಪೆಯ ಮೇಲೆ ಉಳಿಯುತ್ತಿತ್ತು. ಮಂಜುಗಾವಲಿನ ಎಷ್ಟೋ ಮನೆಗಳಲ್ಲಿ ಅಂಥ ಒಂದು ಬಟ್ಟೆ ಇತ್ತು. ಅದನ್ನು ಯಾರೂ ಒಗೆಯುತ್ತಿರಲಿಲ್ಲ.

ಅವನು ದೊಡ್ಡವರ ಮುಖಕ್ಕೆ ಕೈ ಹಾಕುತ್ತಿರಲಿಲ್ಲ. ಬಡವರ, ಕಾಡಿನವರ, ಒಂಟಿಯಾಗಿ ಇರುವವರ ಮುಖವನ್ನೇ ಕದಿಯುತ್ತಿದ್ದ. ಅದಕ್ಕೆ ಕಾರಣವಿದೆ, ಹೇಳುತ್ತೇನೆ.

ಆ ರಾಜ್ಯದ ಅಂಚಿನಲ್ಲಿ ಹೆಜ್ಜೇನುಗಲ್ಲು ಎಂಬ ಬೆಟ್ಟ. ಬೆಟ್ಟದ ಮೇಲೆ ಕೇತ ಮತ್ತು ಅವನ ಹೆಂಡತಿ ಸೋಮಿ, ಇಬ್ಬರೇ ಇದ್ದರು. ಕೇತ ಜೇನು ಕೀಳುವವನು. ಅವನ ಅಪ್ಪ ಜೇನು ಕಿತ್ತ, ತಾತ ಜೇನು ಕಿತ್ತ. ಬಂಡೆಯ ನೆತ್ತಿಯಿಂದ ಬಳ್ಳಿಯ ಹಗ್ಗ ಕಟ್ಟಿಕೊಂಡು ಕೆಳಗಿಳಿದು, ಹೊಗೆ ಹಾಕಿ, ಜೇನಿನ ತಟ್ಟಿ ಕೊಯ್ದು ಬುಟ್ಟಿಗೆ ಹಾಕಿಕೊಳ್ಳುವುದು ಅವನ ಕೆಲಸ. ಹಗ್ಗದ ಒಂದು ಸುತ್ತು ಮರದ ಬೊಡ್ಡೆಗೆ, ತುದಿ ಸೋಮಿಯ ಕೈಗೆ. ಆ ಕಾಡಿನಲ್ಲಿ ಹೆಂಡತಿಯೇ ಗಂಡನ ಹೆಸರು ಹಿಡಿದು ಕೂಗುತ್ತಾಳೆ. ಪಾತಾಳದಲ್ಲಿ ನೇತಾಡುವವನನ್ನು "ಏನೂಂದ್ರೆ" ಎಂದು ಮೆಲ್ಲಗೆ ಕರೆದರೆ ಯಾರಿಗೆ ಕೇಳಿಸೀತು? ಸೋಮಿಯ ಗಂಟಲೂ ಅದಕ್ಕೆ ತಕ್ಕಂತಿತ್ತು. ಅವಳು ಬೈದರೆ ಆಚೆ ಬೆಟ್ಟದ ಮಂಗಗಳು ಮರ ಬದಲಿಸುತ್ತಿದ್ದವು.

ಜೇನುಗಾರರಿಗೆ ಒಂದು ನೇಮವಿದೆ. ಎಷ್ಟೇ ಹಸಿವಿದ್ದರೂ ತಟ್ಟಿಯನ್ನು ಪೂರ್ತಿ ಕೀಳುವಂತಿಲ್ಲ. ಒಂದು ಹಿಡಿ ಬಂಡೆಯಲ್ಲೇ ಬಿಡಬೇಕು, ಹುಳು ಮತ್ತೆ ಕಟ್ಟಲಿ ಅಂತ. ಪೂರ್ತಿ ಕಿತ್ತವನ ವಂಶ ಉಳಿಯುವುದಿಲ್ಲ ಎಂದು ಕೇತನ ತಾತ ಹೇಳುತ್ತಿದ್ದ. ಕೇತ ಹುಟ್ಟಿದಾಗಿನಿಂದ ಆ ನೇಮ ಮುರಿದವನಲ್ಲ.

ಒಂದು ದಿನ ಕೇತ ಕೆಳಗೆ ಹಗ್ಗದಲ್ಲಿದ್ದಾಗ ಬಂಡೆಯ ಮೇಲೆ ಒಬ್ಬ ಮುದುಕ ಬಂದ. ಕೈಯಲ್ಲಿ ನೀರು ತುಂಬಿದ ತಾಮ್ರದ ಬೋಗುಣಿ.

"ತಾಯಿ, ಬಾಯಾರಿದೆ. ನನ್ನ ಕಣ್ಣು ಮಂದ. ಈ ನೀರಲ್ಲಿ ಕಸ ಬಿದ್ದಿದೆಯಾ ನೋಡಿ ಹೇಳವ್ವಾ," ಅಂದ.

ಸೋಮಿ ಹಗ್ಗ ಬಿಡುವಂತಿರಲಿಲ್ಲ. "ತಾ ಇಲ್ಲಿ," ಎಂದು ಕತ್ತು ಬಗ್ಗಿಸಿ ನೋಡಿದಳು. ಅವಳ ಮುಖ ನೀರಿನಲ್ಲಿ ಕಂಡಿತು. ಮುದುಕ ಬೋಗುಣಿ ಎತ್ತಿ ಗಟಗಟ ಕುಡಿದ. ಕುಡಿದು ಮುಗಿದಾಗ ಅವನ ಮೈಮೇಲೆ ಸೋಮಿಯ ಮುಖವಿತ್ತು.

ತನಗೆ ಏನಾಗುತ್ತಿದೆ ಎಂದು ಅವಳಿಗೆ ತಿಳಿಯಿತು. ಎರಡೂ ಕೈ ಬಿಟ್ಟು ಅವನ ಕುತ್ತಿಗೆ ಹಿಡಿಯಬಹುದಿತ್ತು. ಹಿಡಿದಿದ್ದರೆ ಮುಖ ಉಳಿಯುತ್ತಿತ್ತೋ ಏನೋ, ಗಂಡ ಉಳಿಯುತ್ತಿರಲಿಲ್ಲ. ಅವಳು ಹಗ್ಗ ಬಿಡಲಿಲ್ಲ. ಕೇತ ಬುಟ್ಟಿಯ ಸಮೇತ ಮೇಲೆ ಬಂದಾಗ ಮಾಂತ್ರಿಕ ಹೋಗಿಯಾಗಿತ್ತು. ನುಣುಪು ಮಡಕೆಯಂಥ ಮುಖ ಹೊತ್ತ ಹೆಂಗಸೊಬ್ಬಳು ಹಗ್ಗ ಸುತ್ತಿಡುತ್ತಿದ್ದಳು.

"ಕೇತ, ಎದರ್ಕೋಬ್ಯಾಡ. ನಾನೇ ಕಣೋ," ಅಂದಳು.

ಕೇತ ಹೆದರಿದ. ಆಮೇಲೆ ಅವಳನ್ನು ಅಪ್ಪಿಕೊಂಡು ಗೋಳೋ ಎಂದು ಅತ್ತ.

ಆ ಬೆಟ್ಟದಲ್ಲಿ ಒಂದು ಮುದಿ ಕರಡಿಯಿತ್ತು. ಕೇತ ಬಿಟ್ಟ ಹಿಡಿ ಜೇನಿನಲ್ಲಿ ಅದೂ ಪಾಲು ತಿನ್ನುತ್ತಿತ್ತು. ಅಳು ಕೇಳಿ ಹತ್ತಿರ ಬಂದು ಕೂತಿತು.

"ಆ ಗವಿಯಂಕ ನನ್ನ ಪಕ್ಕದ ಗವಿಯೋನೇ," ಅಂದಿತು ಕರಡಿ. "ಅವನ ಗುಟ್ಟು ನಂಗೊತ್ತು. ಸೋಮಿ ಮುಖಾನ ಕಂಚಲ್ಲಿ ಎರಕ ಹೊಯ್ಯಬೇಕು. ಸುಳ್ಳಿಲ್ಲದ ಮುಖ ಕಂಚಲ್ಲಿ ಎದ್ದು ನಿಂತ್ರೆ, ಕದ್ದ ಮುಖ ಕಳ್ಳನ ಮ್ಯಾಲೆ ನಿಲ್ಲಾಕಿಲ್ಲ. ಒಡತಿ ತಾವಕ್ಕೆ ಓಡಿ ಬತ್ತದೆ."

"ಹಂಗಾದ್ರೆ ಪ್ಯಾಟೆಗೆ ಹೋಗಿ ಮಾಡಿಸ್ಕೊಂಡು ಬತ್ತೀನಿ. ಎರಕದ ಓಜರು ಅವ್ರಲ್ಲ!"

"ಓಜನಿಗೆ ಸೋಮಿ ಮುಖ ಗೊತ್ತಾ?"

"ಇಲ್ಲ."

"ನಿಂಗೆ ಎರಕ ಗೊತ್ತಾ?"

"ಇಲ್ಲ."

"ಅದಕ್ಕೇ ಅವನು ನಿಮ್ಮಂಥೋರ ಮುಖವೇ ಕದಿಯಾದು. ದೊಡ್ಡೋರ ಮುಖ ಊರಿನ ಓಜರಿಗೆಲ್ಲ ಗೊತ್ತು. ನಿಮ್ಮ ಮುಖ ಬಲ್ಲೋರಿಗೆ ಕಂಚು ತಿಳೀದು, ಕಂಚು ಬಲ್ಲೋರಿಗೆ ನಿಮ್ಮ ಮುಖ ತಿಳೀದು. ನೀನೇ ಕಲೀಬೇಕು. ಬೇಗ ಕಲೀಬೇಕು."

"ನಿಂಗೂ ಅವಳ ಮುಖ ನೆನಪೈತಲ್ಲ?" ಕೇತ ಆಸೆಯಿಂದ ಕೇಳಿದ.

ಕರಡಿ ನಾಚಿಕೊಂಡಿತು. "ನಂಗೆ ಮನುಷ್ಯರೆಲ್ಲ ಒಂದೇ ಥರ ಕಾಣ್ತೀರಪ್ಪ," ಅಂದಿತು.

ಕೇತ ಹಗ್ಗವನ್ನು ಮರಕ್ಕೆ ತೂಗುಹಾಕಿದ. ಮನೆಯಲ್ಲಿದ್ದ ಜೇನುಮೇಣವನ್ನೆಲ್ಲ ಗಂಟು ಕಟ್ಟಿದ. ಸೋಮಿ ಮುಖದ ಮೇಲೆ ಸೆರಗು ಎಳೆದುಕೊಂಡಳು. ಇಬ್ಬರೂ ಬೆಟ್ಟ ಇಳಿದರು.

ಪೇಟೆಯ ಹೊಳೆದಂಡೆಯಲ್ಲಿ ಬಮ್ಮೋಜ ಎಂಬ ಮುದುಕನ ಕುಲುಮೆಯಿತ್ತು. ರಾಜ್ಯದ ಗುಡಿಗಳಲ್ಲಿದ್ದ ಕಂಚಿನ ದೇವರೆಲ್ಲ ಅವನ ಕೈಯವು. ಕೇತನ ಬೆಟ್ಟದಿಂದಲೇ ಅವನಿಗೆ ಮೇಣ ಬರುತ್ತಿತ್ತು. ಬಮ್ಮೋಜನಿಗೆ ಮೇಣದ ಗುರುತಿತ್ತು, ತಂದವನ ಗುರುತಿರಲಿಲ್ಲ.

"ಮೇಣ ಅಲ್ಲಿಟ್ಟು ಹೋಗಯ್ಯಾ," ಅಂದ.

"ಹೋಗಾಕಿಲ್ಲ ಓಜಪ್ಪ. ಎರಕ ಕಲೀಬೇಕು," ಎಂದು ಕೇತ ಕಾಲಿಗೆ ಬಿದ್ದ.

"ನಿನ್ನ ವಯಸ್ಸಿಗೆ ನಮ್ಮ ಮಕ್ಕಳು ಕಲಿತು ಮರೆತಿರ್ತಾರೆ. ಜೇನು ಕೀಳೋ ಕೈಗೆ ಇದೆಲ್ಲ ಯಾಕೆ?"

ಆಗ ಸೋಮಿ ಸೆರಗು ಸರಿಸಿದಳು. ಬಮ್ಮೋಜ ಅವಳನ್ನು ನೋಡಿದ. ಅವನ ಮನೆಯ ಒಳಕೋಣೆಯಲ್ಲೂ ಒಗೆಯದ ಒಂದು ಪಂಚೆಯಿತ್ತು, ಅವನ ತಮ್ಮನದು. ದೇವರುಗಳ ಮುಖ ನೋಡುತ್ತಾ ನೋಡುತ್ತಾ ಬಮ್ಮೋಜ ತಮ್ಮನ ಮುಖ ಮರೆತುಬಿಟ್ಟಿದ್ದ. ಅವನು ಎದ್ದು ಹೋಗಿ ಒಂದು ಜರಡಿ ತಂದು ಕೇತನ ಮುಂದೆ ಇಟ್ಟ.

ಕೇತ ಮಣ್ಣು ಜರಡಿ ಹಿಡಿದ. ಹುತ್ತದ ಮಣ್ಣು, ಹೊಳೆಯ ಮೆಕ್ಕಲು, ಸಗಣಿ, ಭತ್ತದ ಹೊಟ್ಟು ಕಲಸಿ ತುಳಿದ. ಬೆಂಕಿಗೆ ಗಾಳಿಯೂದುವ ತಿದಿ ಒತ್ತಿದ, ಮೂಸೆಯಲ್ಲಿ ಕಂಚು ಕರಗುವಾಗ ಬಣ್ಣ ನೋಡುವುದು ಕಲಿತ. ಮೇಣಕ್ಕೆ ರಾಳ ಬೆರೆಸಿ ಕಿವಿ, ಮೂಗು, ತುಟಿ ತಿದ್ದುವುದು ಕಲಿತ. ಮೇಣದ ಮೂರ್ತಿಗೆ ಮಣ್ಣು ಮೆತ್ತಿ ಅಚ್ಚು ಮಾಡುವುದು, ಅಚ್ಚು ಕಾಯಿಸಿ ಮೇಣ ಹರಿಸುವುದು, ಖಾಲಿಯಾದ ಟೊಳ್ಳಿಗೆ ಕಂಚು ಹೊಯ್ಯುವುದು, ಎಲ್ಲ ಕಲಿತ. ಹೊಗೆಗೆ ಅವನ ಕಣ್ಣು ಮೊದಲೇ ಪಳಗಿತ್ತು, ಅಷ್ಟೇ ಲಾಭ. ಕೈ ಮಾತ್ರ ಒರಟು. ಅವನು ಮಾಡಿದ ಮೊದಲ ಮೂಗು ನೋಡಿ ಬಮ್ಮೋಜ, "ಇದು ಮೂಗೋ, ಮಾವಿನ ವಾಟೆಯೋ?" ಎಂದು ಕೇಳಿದ. ಮಳೆಗಾಲ ಬಂತು, ಹೋಯಿತು. ಮತ್ತೆ ಬಂತು. ಸೋಮಿ ಕುಲುಮೆಯ ಮೂಲೆಯಲ್ಲಿ ಕೂತು ತಿದಿ ಒತ್ತುತ್ತಿದ್ದಳು. ಹಾದಿಯ ಜನ ಅವಳನ್ನು ಕಂಡರೆ ಮಗ್ಗುಲಾಗಿ ಹೋಗುತ್ತಿದ್ದರು.

ಕೊನೆಗೊಂದು ದಿನ ಬಮ್ಮೋಜ ಅಂದ, "ಇನ್ನು ಮಾಡು. ಆದರೆ ಒಂದು ಮಾತು ತಿಳ್ಕೋ. ಮೇಣಕ್ಕೆ ಒಂದು ಚಟ ಇದೆ. ಕೊಟ್ಟ ನೆನಪನ್ನ ಅದು ಇಟ್ಕೊಂಡುಬಿಡ್ತದೆ. ಮೇಣ ಹರಿದು ಹೋದಾಗ ನೆನಪೂ ಹರಿದು ಹೋಗ್ತದೆ. ದೇವರ ಮುಖಕ್ಕೆ ಅಳತೆ ಇದೆ, ಹೋದರೆ ಮತ್ತೆ ಅಳೆದು ಮಾಡ್ತೀವಿ. ಮನುಷ್ಯರ ಮುಖಕ್ಕೆ ಎಲ್ಲಿಂದ ತರ್ತೀಯ ಅಳತೇನ? ಅದಕ್ಕೇ ನಮ್ಮೋರು ತಮ್ಮ ಮನೆಯೋರ ಮುಖ ಮಾಡಲ್ಲ."

"ಎರಕ ಸರಿಯಾಗಿ ಬಿದ್ರೆ?"

"ಅವಳ ಮುಖ ಅವಳಿಗೆ ಬರ್ತದೆ. ನಿನ್ನ ನೆನಪು ನಿನಗೆ ಬರಲ್ಲ."

ಕೇತ ಮೂಲೆಯಲ್ಲಿ ಕೂತಿದ್ದ ಸೋಮಿಯ ಕಡೆ ಒಮ್ಮೆ ನೋಡಿದ. ಆಮೇಲೆ ಮೇಣ ಕೈಗೆ ತೆಗೆದುಕೊಂಡ.

ಮೊದಲನೆಯ ಸಲ ಅವನು ಮಾಡಿದ ಮೇಣದ ಮುಖ ಸೋಮಿಯೇ. ಹಣೆ ಅವಳದು, ಕಣ್ಣು ಅವಳದು. ಮಾಡಿ ಮುಗಿಸಿ ಅದನ್ನೇ ನೋಡುತ್ತಾ ಕೂತ. ಮಣ್ಣು ಮೆತ್ತಿ ಅಚ್ಚು ಮುಚ್ಚುವಾಗ ಹೆಣ ಹೂಳಿದಂತಾಯಿತು. ಅಚ್ಚು ಕಾಯಿಸಿದರು. ಮೇಣ ಕರಗಿ ಗಂಡಿಯಿಂದ ಹೊರಗೆ ಹರಿಯಿತು. ಹರಿದಂತೆ ಅವನ ಮನಸ್ಸಿನಿಂದ ಸೋಮಿಯ ಹಣೆ ಹೋಯಿತು, ಕಣ್ಣು ಹೋಯಿತು, ಮೂಗು ಹೋಯಿತು. ಇನ್ನೊಂದು ಹಿಡಿ ಮೇಣ ಒಳಗಿತ್ತು. ಅಷ್ಟರಲ್ಲಿ ಕೇತ ಅಚ್ಚಿನ ಕೆಳಗಿನ ಬೆಂಕಿಯನ್ನು ಹೊರಗೆಳೆದುಬಿಟ್ಟ.

ಹೆದರಿಕೆಯಿಂದ ಮಾತ್ರ ಎಳೆದದ್ದಲ್ಲ. ಕೈಗೆ ಅದು ರೂಢಿ. ಹುಟ್ಟಿದಾಗಿನಿಂದ ಒಂದು ಹಿಡಿ ಬಿಟ್ಟ ಕೈ, ಪೂರ್ತಿ ತೆಗೆಯುವುದು ಪಾಪ ಎಂದು ನಂಬಿದ ಕೈ. ಆ ಹಿಡಿಯನ್ನೂ ಕಿತ್ತರೆ ಏನೋ ಕೇಡಾಗುತ್ತದೆ ಎಂದು ಅವನಿಗೆ ಅನ್ನಿಸಿತು. ಬಮ್ಮೋಜನಿಗೆ ಹೇಳಲಿಲ್ಲ.

ಕುದಿಯುವ ಕಂಚು ಆ ಹಿಡಿ ಮೇಣಕ್ಕೆ ತಾಗಿದ್ದೇ ತಡ, ಅಚ್ಚು ಸಿಡಿಯಿತು. ಕಂಚು ಹಾರಿ ಕೇತನ ಎಡಗೈಗೆ ಬಿತ್ತು. ಬೆರಳುಗಳು ಬೆಂದು ಒಂದಕ್ಕೊಂದು ಅಂಟಿಕೊಂಡವು. ಅಚ್ಚಿನೊಳಗೆ ಸಿಕ್ಕಿದ್ದು ತೂತು ಬಿದ್ದ ಒಂದು ಕಂಚಿನ ಗಟ್ಟಿ.

"ಪೂರ್ತಿ ಹರಿಸಿದ್ದೀಯಾ?" ಬಮ್ಮೋಜ ಕೇಳಿದ.

"ಒಂದು ಹಿಡಿ ಬುಟ್ಟಿದ್ದೆ."

"ಜೇನು ಅಲ್ಲವೋ ಇದು ಮುಟ್ಠಾಳ! ಹುಳ ಬಂದು ಕಟ್ಟಲ್ಲ ಇಲ್ಲಿ!" ಎಂದು ಮುದುಕ ಅರಚಿದ. ಆಮೇಲೆ ತಾನೇ ಎದ್ದು ಬೆಂದ ಕೈಗೆ ಬೆಣ್ಣೆ ಹಚ್ಚಿದ.

ಹರಿದು ಹೋದ ನೆನಪು ಹೋಯಿತು. ಹರಿಯದೆ ಉಳಿದ ಹಿಡಿಯಲ್ಲಿದ್ದ ಬಾಯಿ ಮತ್ತು ಗದ್ದ, ಅಷ್ಟು ಮಾತ್ರ ಕೇತನ ಮನಸ್ಸಿನಲ್ಲಿ ಉಳಿದವು. ನೆನಪು ಕಡಿಮೆಯಾದಷ್ಟು ಸೋಮಿಯೂ ಕಡಿಮೆಯಾದಳು. ದೀಪದ ಮುಂದೆ ಕೈ ಹಿಡಿದರೆ ಅಂಗೈಯೊಳಗಿಂದ ಬೆಳಕು ಕಾಣುತ್ತಿತ್ತು. ಕೇತ ಇನ್ನು ಹಗ್ಗ ಹಿಡಿಯುವ ಹಾಗೂ ಇರಲಿಲ್ಲ. ಬೆಟ್ಟದ ದಾರಿ ಅವನಿಗೆ ಅಂದೇ ಮುಚ್ಚಿತು.

ಸ್ವಲ್ಪ ದಿನಕ್ಕೆ, ಸೋಮಿ ಹೊಳೆಗೆ ಹೋಗಿದ್ದ ಒಂದು ಮಧ್ಯಾಹ್ನ, ಕುಲುಮೆಯ ಬಾಗಿಲಲ್ಲಿ ಸೋಮಿಯ ಮುಖ ಬಂದು ನಿಂತಿತು. ಕೆಳಗಿನ ಮೈ ಗಂಡಸಿನದು. ಗವಿಯಂಕ.

ಕೇತ ಇಕ್ಕುಳ ಎತ್ತಿಕೊಂಡ.

"ಹೊಡಿ," ಅಂದ ಗವಿಯಂಕ, ಜೇನಿನಂಥ ದನಿಯಲ್ಲಿ. "ಹೊಡೆದರೆ ನಿನ್ನ ಹೆಂಡತಿಯ ಮುಖಕ್ಕೇ ಪೆಟ್ಟು. ನಾನು ಜಗಳಕ್ಕೆ ಬಂದಿಲ್ಲಪ್ಪ. ನಿನ್ನ ಕಷ್ಟ ನೋಡಲಾರದೆ ಬಂದೆ. ಮರೆತುಬಿಟ್ಟಿದ್ದೀಯ ಅಲ್ಲವೇ? ಇಗೋ, ಎದುರಿಗೆ ಕೂತಿದ್ದೇನೆ. ನೋಡಿಕೊಂಡು ತಿದ್ದು."

ಕಳ್ಳನೆಂದು ಕೇತನಿಗೆ ಗೊತ್ತಿತ್ತು. ಆದರೆ ಬಾಯಿ ಗದ್ದ ಅವನು ಬಲ್ಲವೇ, ಅದರ ಮೇಲೆ ಅವನು ಮರೆತಿದ್ದ ಆ ಕಣ್ಣು, ಆ ಹಣೆ! ಎಷ್ಟು ದಿನವಾಗಿತ್ತು ನೋಡಿ. ಅವನ ಕೈಯಿಂದ ಇಕ್ಕುಳ ಜಾರಿತು. ಬೆಂದ ಕೈಯಲ್ಲೂ ಮೇಣ ಹಿಡಿದು, ಅಳುತ್ತಾ, ನೋಡಿ ನೋಡಿ ತಿದ್ದಿದ. ಗವಿಯಂಕ ಅಲುಗಾಡದೆ ಕೂತಿದ್ದು, ಮುಗಿದ ಮೇಲೆ ನಕ್ಕು ಎದ್ದುಹೋದ.

ಈ ಸಲ ಮೇಣ ಪೂರ್ತಿ ಹರಿಯಿತು. ನೋಡಿ ತಿದ್ದಿದ್ದರಿಂದ ಅದರ ಜೊತೆ ಹೋದದ್ದು ಅಂದು ಕಂಡದ್ದು ಮಾತ್ರ, ಹಳೆಯ ಬಾಯಿ ಗದ್ದದ ನೆನಪು ಅವನಲ್ಲೇ ಉಳಿಯಿತು. ಕಂಚು ಪೂರ್ತಿ ತುಂಬಿತು. ಅಚ್ಚು ಒಡೆದಾಗ ಬಮ್ಮೋಜನೇ ಬಾಯಿ ಬಿಟ್ಟುಕೊಂಡು ನೋಡಿದ. "ನನ್ನ ಜನ್ಮದಲ್ಲಿ ಇಂಥ ಎರಕ ಬಿದ್ದಿಲ್ಲ," ಅಂದ.

ಸೋಮಿಯ ಮುಖ ಮಾತ್ರ ಮಡಕೆಯಂತೆಯೇ ಇತ್ತು. ಅವಳು ಕಂಚನ್ನು ಕೈಯಿಂದ ಸವರಿ ನೋಡಿದಳು.

"ಯಾರಿವ್ಳು?" ಎಂದು ಕೇಳಿದಳು.

"ನೀನೇ ಕಣೆ."

"ನಾನಲ್ಲ. ಇವ್ಳಿಗೆ ಒಂದಿನಾನೂ ಹಸಿವಾಗಿಲ್ಲ. ನಿನ್ನ ಮ್ಯಾಲೆ ಒಂದಿನಾನೂ ಸಿಟ್ಟು ಬಂದಿಲ್ಲ. ಇವ್ಳು ನಗಾದ್ ನೋಡು, ಬ್ಯಾರೆಯೋರ ಮನೆ ಹೊಕ್ಕು ಉಂಡೋಳಂಗೆ."

ಕೇತ ನೋಡಿದ. ನಿಜ. ಕಣ್ಣು ಮೂಗು ಸೋಮಿಯವು, ನಗು ಗವಿಯಂಕನದು. ಅವನು ನಡೆದದ್ದು ಹೇಳಿದ. ಸೋಮಿ ಬೈಯಲಿಲ್ಲ. ಅವಳು ಬೈಯದೆ ಇದ್ದದ್ದೇ ಅವನಿಗೆ ಹೆಚ್ಚು ನೋವಾಯಿತು. ಆ ಎರಕವನ್ನು ಒಡೆದು ಮತ್ತೆ ಮೂಸೆಗೆ ಹಾಕಿದರು.

ಅಲ್ಲಿಂದ ಮುಂದೆ ಸೋಮಿ ತೆಳ್ಳಗಾಗುತ್ತಲೇ ಹೋದಳು. ತಿದಿ ಒತ್ತಲು ಅವಳ ಕೈಗೆ ಭಾರವಿರಲಿಲ್ಲ. ಗಾಳಿ ಬೀಸಿದರೆ ಕಂಬ ಹಿಡಿದುಕೊಳ್ಳುತ್ತಿದ್ದಳು. ಕೇತ ಮೇಣ ಹಿಡಿದು ಕೂರುತ್ತಿದ್ದ, ಎದುರಿಗೆ ಅವಳನ್ನು ಕೂರಿಸಿಕೊಳ್ಳುತ್ತಿದ್ದ. ನುಣುಪು ಮಡಕೆಯಲ್ಲಿ ಏನು ಕಂಡೀತು? ಒಂದು ದಿನ ಅವನು ಮೇಣವನ್ನು ಗೋಡೆಗೆ ಎಸೆದು, "ನನ್ನಿಂದ ಆಗಾಕಿಲ್ಲ, ನಿನ್ನ ಮುಖ ನಂಗೆ ಗೊತ್ತೇ ಇಲ್ಲ!" ಎಂದು ಕೂಗಿದ.

ಆಗ ಸೋಮಿಗೆ ಸಿಟ್ಟು ಬಂತು. ಇದ್ದ ಅಷ್ಟಿಷ್ಟು ಉಸಿರನ್ನೆಲ್ಲ ಕೂಡಿಸಿಕೊಂಡು ಬೈದಳು.

"ಯಾವತ್ತು ಗೊತ್ತಿತ್ತೋ ನಿಂಗೆ? ಎದುರಿಗೆ ನಿಂತ್ಕೊಂಡು ಯಾವತ್ತು ನೋಡಿದ್ದೆ? ಸೂರ್ಯ ಹುಟ್ಟಿದ್ರೆ ಹಗ್ಗಕ್ಕಿಳೀತಿದ್ದೆ, ಮುಳುಗಿದ್ರೆ ಉಂಡು ಗೊರಕೆ ಹೊಡೀತಿದ್ದೆ. ನೀನು ನನ್ನ ನೋಡಿದ್ದೆಲ್ಲ ಕೆಳಗಿಂದ. ನಾನು ಮ್ಯಾಲೆ ನಿಂತು ಗಂಟಲು ಅರ್ಕೊಂಡು ಬೈತಿದ್ದೆ, ನೀನು ನೇತಾಡ್ತಾ ಕತ್ತೆತ್ತಿ ನೋಡ್ತಿದ್ದೆ. ಆವಾಗ ಏನ್ ಕಾಣ್ತಿತ್ತೋ ಅದೇ ನಿನ್ನ ಪಾಲಿನ ಸೋಮಿ."

ಕೇತ ಎಸೆದ ಮೇಣವನ್ನು ಹೆಕ್ಕಿಕೊಂಡು, ನೆಲದ ಮೇಲೆ ಅಂಗಾತ ಮಲಗಿದ. ಎರಡು ಕೈಯನ್ನೂ ಮುಖದ ಮೇಲೆ ಎತ್ತಿ ಹಿಡಿದು, ಕೆಳಗಿನಿಂದ ತಿದ್ದತೊಡಗಿದ.

ಮೊದಲು ಗದ್ದ ಬಂತು, ಅಗಲ ಗದ್ದ, ಅದರಡಿಯಲ್ಲಿ ಬಿಗಿದ ನರ. ಆಮೇಲೆ ತೆರೆದ ಬಾಯಿ, ಒಂದರ ಮೇಲೊಂದು ಹತ್ತಿದ ಮೇಲ್ಸಾಲಿನ ಹಲ್ಲು. ಮೂಗಿನ ಎರಡು ಹೊಳ್ಳೆ, ಮೊದಲಿನ ಮೇಣಕ್ಕೆ ಅವನು ಕೊಡದೆ ಉಳಿದಿದ್ದ ಕೆಳಗಿನ ನೋಟ. ಅದರ ಮೇಲೆ ಆಕಾಶವೇ ಇದ್ದದ್ದು, ಕಣ್ಣು ಅಲ್ಲಿಂದ ಅವನಿಗೆ ಎಂದೂ ಸರಿಯಾಗಿ ಕಂಡಿರಲಿಲ್ಲ. ಎರಡು ರೆಪ್ಪೆಯ ಅಂಚು ಮಾತ್ರ ಇಟ್ಟ. ಬಿದ್ದೀಯ ಕೇತ, ಜೋಕೆ, ಅನ್ನುತ್ತಿದ್ದ ಬಾಯಿ ಅದು. ಬೈಗುಳವೂ ಭಯವೂ ಒಂದೇ ಬಾಯಲ್ಲಿ ಇದ್ದವು.

"ಇದು ಯಾವ ಲಕ್ಷಣವಯ್ಯಾ! ಗದ್ದವೇ ಮುಕ್ಕಾಲು ಮುಖ! ಇಂಥದ್ದನ್ನ ನಮ್ಮ ಕುಲುಮೇಲಿ ಯಾರೂ ಮಾಡಿಲ್ಲ," ಬಮ್ಮೋಜ ತಲೆ ಚಚ್ಚಿಕೊಂಡ. ಆದರೆ ತಾನೇ ಕೂತು ಮಣ್ಣು ಮೆತ್ತಿದ, ಗಾಳಿ ಹೋಗಲು ಗಂಡಿ ಬಿಟ್ಟ. ಅಚ್ಚನ್ನು ಒಲೆಗೆ ಇಡುವ ಮೊದಲು ಕೇತನ ಹೆಗಲು ಹಿಡಿದು ಹೇಳಿದ, "ಕೇಳು. ಮೇಣ ಪೂರ್ತಿ ಹೋದಮೇಲೆ ಅವಳ ಮುಖ ಲೋಕದಲ್ಲಿ ಯಾರ ನೆನಪಲ್ಲೂ ಇರಲ್ಲ. ಅಚ್ಚಿನ ಟೊಳ್ಳಲ್ಲಿ ಮಾತ್ರ ಇರ್ತದೆ, ಅದೂ ಅಚ್ಚು ಬಿಸಿ ಇರೋ ತನಕ. ತಡ ಮಾಡಿದ್ಯೋ, ಹೊಗೆ."

ಕೇತ ಸೋಮಿಯ ಕಡೆ ತಿರುಗಿದ. "ಇದು ಮುಗಿದ್ರೆ ನಿನ್ನ ಕಂಡ್ರೂ ನಂಗೆ ತಿಳಿಯಾಕಿಲ್ಲ."

"ನೀನು ಮರೆತ್ರೆ ಮರೆತ್ಕೋ. ನಾನು ನಿನ್ನ ಮರೆಯಾಕಿಲ್ವಲ್ಲ," ಅಂದಳು ಸೋಮಿ.

ಬಮ್ಮೋಜ ತಿದಿ ಒತ್ತಿದ. ಮೇಣ ಹರಿಯಿತು. ಕೇತ ಅಚ್ಚಿನ ಮುಂದೆ ಕೂತು ಕೊನೆಯ ಹನಿಯ ತನಕ ಕಾದ. ಒಂದು ಹಿಡಿ ಉಳಿದಿದ್ದಾಗ ಅವನ ಕೈ ತಾನಾಗಿ ಬೆಂಕಿಯ ಕಡೆ ಹೋಯಿತು. ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ನಿಲ್ಲಿಸಿದ. ಕೊನೆಯ ಹನಿ ಬಿತ್ತು. ಅವನ ಮನಸ್ಸಿನಲ್ಲಿ ಸೋಮಿ ಇದ್ದ ಜಾಗ ಬರಿದಾಯಿತು. ಮೂಲೆಯಲ್ಲಿ ಅವಳ ಕಾಲ್ಬೆರಳಿನಿಂದ ಹೊಗೆ ಏಳತೊಡಗಿತು.

ಕೇತ ಮೂಸೆ ಎತ್ತಿದ. ಅದೇ ಹೊತ್ತಿಗೆ ಬಾಗಿಲು ದಡಾರನೆ ತೆರೆಯಿತು. ಸೀರೆ ಸುತ್ತಿಕೊಂಡು, ಸೋಮಿಯ ಮುಖ ಹೊತ್ತು, ಕಣ್ಣೀರು ಸುರಿಸುತ್ತಾ ಗವಿಯಂಕ ಒಳಗೆ ನುಗ್ಗಿ, ಅಚ್ಚಿಗೂ ಮೂಸೆಗೂ ನಡುವೆ ಕೈ ಚಾಚಿ ನಿಂತ.

"ಕೇತ, ಬೇಡ! ನನ್ನ ಮುಖ ಸುಡ್ತಿದೆ! ನೋಡು, ನಾನು ಸೋಮಿ! ಮೂಸೆ ಇಳಿಸು!"

ಹಿಂದಿನ ದಿನವಾಗಿದ್ದರೆ ಕೇತ ಇಳಿಸುತ್ತಿದ್ದ. ಅಳುವ ಆ ಮುಖ ಕಂಡು ಅವನ ಕೈ ಆಡುತ್ತಿರಲಿಲ್ಲ. ಆದರೆ ಈಗ ಅವನು ಕಂಡದ್ದು ಎಂದೂ ನೋಡದ ಒಬ್ಬ ಹೆಂಗಸನ್ನು.

"ಯಾರವ್ವ ನೀನು? ಬಿಸಿ ಕಂಚು ಐತೆ, ದೂರ ನಿಂತ್ಕೋ," ಎಂದು ಅವಳನ್ನು ಮೊಣಕೈಯಿಂದ ಸರಿಸಿ, ಕಂಚು ಹೊಯ್ದ.

ಕಂಚು ಒಳಗಿಳಿಯಿತು. ಸಿಡಿಯಲಿಲ್ಲ. ಗಾಳಿಯ ಗಂಡಿಯಲ್ಲಿ ಕೆಂಪಗೆ ಮೇಲೆ ಬಂದು ನಿಂತಿತು. ಅದೇ ಹೊತ್ತಿಗೆ ಗವಿಯಂಕನ ಮೈಮೇಲಿನ ಮುಖ ಹಣ್ಣಿನ ಸಿಪ್ಪೆಯಂತೆ ಕಳಚಿ ಮೂಲೆಗೆ ಹಾರಿತು. ಕೆಳಗೆ ಅವನದೇ ಮುಖ ಉಳಿಯಿತು. ಎಷ್ಟೋ ಕಾಲದಿಂದ ಬಿಸಿಲು ಕಾಣದ, ಬಿಳುಚಿಕೊಂಡ, ಹೆದರಿದ ಮುದುಕನ ಮುಖ.

ಬೀದಿಯಲ್ಲಿ ಕೋಣದ ಕೊರಳಗಂಟೆ ಕೇಳಿಸಿತು. ಜವರಾಯ ಕೋಣದ ಮೇಲಿಂದ ಬಗ್ಗಿ ಬಾಗಿಲೊಳಗೆ ನೋಡಿದ.

"ಓಹೋ, ಗವಿಯಂಕ! ಎಷ್ಟು ಹುಡುಕಿದೆನಯ್ಯಾ ನಿನ್ನ. ಬಾ, ಬಾ," ಅಂದ. 

ಗವಿಯಂಕ ಎರಡು ಕೈಯಿಂದ ಮುಖ ಮುಚ್ಚಿಕೊಂಡ. ಆದರೆ ಆಗಲೇ ಗುರುತು ಸಿಕ್ಕಿತ್ತು. ಜವರಾಯ ಅವನನ್ನು ಕೋಣದ ಬೆನ್ನಿಗೆ ಹಾಕಿಕೊಂಡು ಹೋದ. ಮತ್ತೆ ಆ ರಾಜ್ಯದಲ್ಲಿ ಯಾರ ಮುಖವೂ ಕಳುವಾಗಲಿಲ್ಲ.

ಮೂಲೆಯಲ್ಲಿ ಯಾರೋ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಕೇತ ತಿರುಗಿದ. ಅಗಲ ಗದ್ದದ ಹೆಂಗಸೊಬ್ಬಳು ತನ್ನ ಕೆನ್ನೆ, ಮೂಗು, ತುಟಿಯನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುತ್ತಿದ್ದಳು. ಎದ್ದು ನಗುತ್ತಾ ಅವನ ಎದುರಿಗೆ ಬಂದು ನಿಂತಳು. ಕೇತ ಎರಡು ಹೆಜ್ಜೆ ಹಿಂದೆ ಸರಿದು, ಪರಸ್ತ್ರೀಯ ಮುಂದೆ ನಿಂತವನಂತೆ ತಲೆ ತಗ್ಗಿಸಿದ.

"ನಾನು ಕಣೋ," ಅಂದಳು. ದನಿ ಕೇಳಿ ಅವನಿಗೆ ತಿಳಿಯಿತು. ಮುಖ ನೋಡಿದರೆ ಮತ್ತೆ ತಿಳಿಯಲಿಲ್ಲ. ಬಮ್ಮೋಜ ಮುಖ ಆ ಕಡೆ ತಿರುಗಿಸಿಕೊಂಡು ಬೂದಿ ಕೆದಕುತ್ತಾ ನಿಂತ.

ಸುದ್ದಿ ರಾಜ್ಯದ ತುಂಬ ಹಬ್ಬಿತು. ಗವಿಯಂಕ ಸವೆಸಿ ಎಸೆದ ಮುಖಗಳು ತಾವಾಗಿ ಹಿಂದಿರುಗಲಿಲ್ಲ. ಹೊಗೆಯಾಗಿ ಹೋದವರಂತೂ ಬರಲೇ ಇಲ್ಲ, ಬಮ್ಮೋಜನ ತಮ್ಮನೂ ಬರಲಿಲ್ಲ. ಆದರೆ ಮುಖ ಕಳೆದುಕೊಂಡು ಮನೆಯ ಹಿಂದೆ ಕತ್ತಲಲ್ಲಿ ಇನ್ನೂ ಕೂತಿದ್ದವರು ಇದ್ದರು. ಅವರ ತಾಯಂದಿರು, ಗಂಡಂದಿರು, ಅಕ್ಕತಂಗಿಯರು ಕುಲುಮೆಯ ಬಾಗಿಲಿಗೆ ಬಂದರು. "ನಮ್ಮವರ ಮುಖ ಮಾಡಿಕೊಡಪ್ಪ" ಅಂದರು. ಕೇತ ಮಾಡಿಕೊಡಲಿಲ್ಲ. ಮೇಣವನ್ನು ಅವರ ಕೈಗೇ ಕೊಟ್ಟು, "ನಿಮಗೆ ಎಲ್ಲಿಂದ ಕಂಡಿತ್ತೋ ಅಲ್ಲಿಂದ ಮಾಡಿ" ಅಂದ. ಒಬ್ಬ ತಾಯಿ ಎದೆಗವುಚಿಕೊಂಡ ಮಗುವಿನ ನೆತ್ತಿ ಮತ್ತು ಒಂದು ಕೆನ್ನೆ ಮಾತ್ರ ಮಾಡಿದಳು. ಅದೇ ಸಾಕಾಯಿತು. ಅಲ್ಲಿಗೆ ಬರುವವರು ಅಳುತ್ತಾ ಬರುತ್ತಿದ್ದರು. ಹೋಗುವಾಗ ತಮ್ಮ ತಮ್ಮವರಿಗೆ ಹೊಸದಾಗಿ ಪರಿಚಯ ಹೇಳಿಕೊಳ್ಳುತ್ತಾ ಹೋಗುತ್ತಿದ್ದರು.

ಬಮ್ಮೋಜ ತೀರಿಕೊಂಡ ಮೇಲೆ ಕುಲುಮೆ ಕೇತನದಾಯಿತು. ಜನ ಅವನನ್ನು ಕೇತೋಜ ಎಂದು ಕರೆದರು. ಮೊದಲು ಜೇನುಗಾರನಾಗಿದ್ದ ಎಂಬುದು ಹಲವರಿಗೆ ಗೊತ್ತೇ ಇರಲಿಲ್ಲ. ಸೋಮಿಗೆ ಬೆಟ್ಟದ ನೆನಪಾಗಿ ಒಮ್ಮೊಮ್ಮೆ ಊಟ ಸೇರುತ್ತಿರಲಿಲ್ಲ.

ಅವಳ ದುಃಖ ಅದೊಂದೇ ಅಲ್ಲ. ಕಂಚಿಗೆ ಕೊಟ್ಟ ಮುಖ ಮನಸ್ಸಿಗೆ ಸುಲಭಕ್ಕೆ ಹಿಂದೆ ಬರುವುದಿಲ್ಲ. ದಿನ ಬೆಳಗಾದರೆ ಅವಳು ಕೇತನ ಎದುರು ಕೂತು "ನೋಡು" ಅನ್ನುವಳು. ಅವನು ನೋಡುವನು, ಹಣೆಯಿಂದ ಗದ್ದದವರೆಗೆ, ಎರಕದ ಅಚ್ಚು ನೋಡುವಷ್ಟು ಜೋಪಾನವಾಗಿ. ಸಂಜೆಗೆ ಅದು ಅಳಿಸಿಹೋಗುವುದು. ದನಿ ತೆಗೆಯದೆ ಒಳಗೆ ಬಂದರೆ "ಯಾರವ್ವ?" ಎಂದು ಕೇಳಿಬಿಡುವನು. ಎಷ್ಟೋ ದಿನ ಅವಳು ಹೊಸ್ತಿಲಲ್ಲೇ ಕೆಮ್ಮಿ, ಏನಾದರೂ ಒಂದು ಮಾತಾಡಿಕೊಂಡೇ ಒಳಗೆ ಬರುತ್ತಿದ್ದಳು. ಹಾಗೆ ವರ್ಷಗಳು ಹೋದವು. ಇಬ್ಬರ ತಲೆಯೂ ನರೆಯತೊಡಗಿತು.

ಒಂದು ದಿನ ಕೇತ ಹೊಳೆಯ ದಂಡೆಯಲ್ಲಿ ಮೆಕ್ಕಲು ತುಂಬುತ್ತಿದ್ದ. ಹೆಂಗಸರ ಗುಂಪೊಂದು ಕೊಡ ಹೊತ್ತು ಮೆಟ್ಟಿಲೇರುತ್ತಿತ್ತು. ಯಾರೂ ಮಾತಾಡುತ್ತಿರಲಿಲ್ಲ. ಕೇತ ತಲೆಯೆತ್ತಿದ.

"ಸೋಮೀ, ಈ ಬುಟ್ಟಿಗೆ ಒಂದು ಕೈ ಹಾಕು ಬಾ," ಅಂದ. ಅಂದು, ತಾನೇನು ಅಂದೆ ಎಂಬುದರ ಕಡೆ ಗಮನವಿಲ್ಲದೆ, ಮತ್ತೆ ಮಣ್ಣಿಗೆ ಬಗ್ಗಿದ.

ಸೋಮಿ ಕೊಡ ಇಳಿಸಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಆಚೆಯ ಬೆಟ್ಟಕ್ಕೆ ಕೇಳಿಸುವ ಹಾಗೆ ಅತ್ತಳು. ಆಮೇಲೆ ಅವರಿಬ್ಬರೂ ಸುಖವಾಗಿದ್ದರು. ಅದಕ್ಕಿಂತ ಮುಂಚೆಯೇ ಸುಖವಾಗಿದ್ದರು ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ.